ಮೊದಲ ಹನ್ನೊಂದು ಪುಟಗಳು ತೆಲುಗಿನಲ್ಲಿವೆ: ಹಾಸನದ ನಮ್ಮ ಬ್ಯಾಪ್ಟಿಸ್ಟ್ ಸಭೆಯ ಚರಿತ್ರೆ ಬರೆಯಲು ನೆರವು ಬೇಕು

ಹೇಮಾವತಿ ದಡ

ಎಲ್ಲರಿಗೂ ವಂದನೆಗಳು. ಹಾಸನದಲ್ಲಿ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಥದ ಒಂದು ಚಿಕ್ಕ ಸಭೆಗೆ (ಚರ್ಚಿಗೆ) ನಾನು ಎರಡು ವರ್ಷಗಳಿಂದ ಕಾರ್ಯದರ್ಶಿ. ನಮ್ಮದು ದೊಡ್ಡ ಕಟ್ಟಡವಲ್ಲ. ಮಂಗಳೂರು ಹೆಂಚಿನ ಮಾಡು, ಬಾಗಿಲಿಗೆ ಮೂರು ಮೆಟ್ಟಿಲು, ಒಳಗೆ ಒಂದು ಹಾರ್ಮೋನಿಯಂ, ಹಿಂಬದಿಯಲ್ಲಿ ಭಾನುವಾರ ಶಾಲೆಯ ಮಕ್ಕಳಿಗೆ ಒಂದು ಕೋಣೆ. ಸ್ಮರಣ ಸಂಚಿಕೆ ತರಬೇಕೆಂದು ತೀರ್ಮಾನವಾಗಿ, ಚರಿತ್ರೆ ಬರೆಯುವ ಭಾರ ನನ್ನ ಹೆಗಲಿಗೆ ಬಂದಿದೆ.

ತೊಡಕು ಮೊದಲ ವಾಕ್ಯದಲ್ಲೇ ಇದೆ. ನಮ್ಮ ಸಭೆ ಹುಟ್ಟಿದ್ದು ಯಾವಾಗ? ಹಿರಿಯರಲ್ಲಿ ಹೆಚ್ಚಿನವರು ಅಸ್ತಿವಾರದ ಕಲ್ಲನ್ನು ತೋರಿಸುತ್ತಾರೆ. ಆ ಕಲ್ಲಿನ ಇಸವಿಯನ್ನು ಹಿಡಿದರೆ ಸುವರ್ಣ ಮಹೋತ್ಸವಕ್ಕೆ ಇನ್ನೂ ಎಷ್ಟೋ ವರ್ಷ ಕಾಯಬೇಕು. ಆದರೆ ಕಳೆದ ತಿಂಗಳು ಬೀರು ಖಾಲಿ ಮಾಡುವಾಗ ಹಳೆಯ ಚೀಟಿ ಲೆಕ್ಕದ ಪುಸ್ತಕಗಳ ನಡುವೆ ಒಂದು ಉದ್ದನೆಯ ದಫ್ತರ ಸಿಕ್ಕಿತು. ಹಿಂದಿನ ಖಜಾಂಚಿಯೊಬ್ಬರು ಅದರ ರಟ್ಟಿಗೆ "ಕೂಲಿಕಾರರ ಸಂಘ, ಹಳೆಯದು" ಎಂದು ಚೀಟಿ ಅಂಟಿಸಿದ್ದರು. ತೆರೆದು ನೋಡಿದರೆ ಹನ್ನೆರಡನೆಯ ಪುಟದಿಂದ ಮುಂದಕ್ಕೆ ದೀಕ್ಷಾಸ್ನಾನ (ನೀರಿನಲ್ಲಿ ಮುಳುಗಿ ಸಭೆಗೆ ಸೇರುವ ವಿಧಿ) ಹೊಂದಿದವರ ಹೆಸರುಗಳು ಕನ್ನಡದಲ್ಲಿವೆ. ಹಲವು ಹೆಸರುಗಳು ನಾನು ಚಿಕ್ಕಂದಿನಿಂದ ಬಲ್ಲವರದೇ. ಅದು ನಮ್ಮದೇ ಸಭೆಯ ದಫ್ತರ, ಅನುಮಾನವಿಲ್ಲ.

ಮೊದಲ ಹನ್ನೊಂದು ಪುಟಗಳು ಮಾತ್ರ ತೆಲುಗಿನಲ್ಲಿವೆ. ಮೊದಲ ಪುಟದ ಮೇಲ್ಭಾಗವನ್ನು ಗೆದ್ದಲು ತಿಂದಿರುವುದರಿಂದ ಇಸವಿ ಉಳಿದಿಲ್ಲ. ಲಿಪಿ ನಮ್ಮದಕ್ಕೆ ಹತ್ತಿರವಾದ್ದರಿಂದ ಅಲ್ಲಲ್ಲಿ ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಅರ್ಥ ಕೈಗೆ ಸಿಗುವುದಿಲ್ಲ. ಮೇಲೆ ಏನೋ ಒಂದು "ಸಂಘಮು" ಎಂದಿದೆ. ಒಂದು ಕಾಲಮಿನಲ್ಲಿ "ಉತ್ತರಮು" ಎಂಬ ಮಾತು ಸಾಲು ಸಾಲಾಗಿ ಬರುತ್ತದೆ. ಉತ್ತರ ಕರ್ನಾಟಕದಿಂದ ಬಂದ ಕೂಲಿಗಳಿರಬೇಕು ಎಂದು ನಮ್ಮ ಹಿರಿಯರ ಊಹೆ. ತೆಲುಗು ಓದಬಲ್ಲವರು, ಈ ಭಾಗದ ಸಭೆಗಳ ಹಿನ್ನೆಲೆ ಬಲ್ಲವರು ದಯವಿಟ್ಟು ತಿಳಿಸಿ. ತಪ್ಪು ಚರಿತ್ರೆ ಅಚ್ಚಾಗುವುದಕ್ಕಿಂತ ಸಂಚಿಕೆ ತಡವಾಗುವುದು ನನಗೆ ಒಪ್ಪಿಗೆ.

ನಿವೃತ್ತ ಮೇಷ್ಟ್ರು

ಸಹೋದರರೇ, ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಬರೆಯುವ ಮುಂಚೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಪ್ರೊಟೆಸ್ಟೆಂಟ್ ಚರಿತ್ರೆ ಎಂದ ಕೂಡಲೇ ಎಲ್ಲರೂ ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ನಿನ ಕಥೆಯನ್ನೇ ಹೇಳುತ್ತಾರೆ. ಅದು ತಪ್ಪಲ್ಲ. ಮೈಸೂರು ಸೀಮೆಯಲ್ಲಿ ಆ ಮಿಷನ್ 1821ರಲ್ಲಿ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿತು, 1837ರಲ್ಲಿ ಗುಬ್ಬಿಗೆ ಬಂತು, ಮೈಸೂರಿನಲ್ಲಿ ಅಚ್ಚುಕೂಟ ನಡೆಸಿತು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯೂ ಅದೇ ಬಳ್ಳಿಯ ಹೂವು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆಯಾದಾಗ ಇಲ್ಲಿನ ವೆಸ್ಲಿಯನ್ನರು ಅದರೊಳಗೆ ಹೋದರು. ಬ್ಯಾಪ್ಟಿಸ್ಟರು ಆ ಕೂಟದಲ್ಲಿ ಸೇರಲಿಲ್ಲ. ಆದ್ದರಿಂದ ಆಸ್ಪತ್ರೆಯ ಚರಿತ್ರೆಯನ್ನೋ ಗುಬ್ಬಿಯ ಚರಿತ್ರೆಯನ್ನೋ ತಂದು ನಿಮ್ಮ ಸಂಚಿಕೆಯ ಪೀಠಿಕೆಗೆ ಹಾಕಬೇಡಿ. ಅದು ಪಕ್ಕದ ಮನೆಯವರ ವಂಶವೃಕ್ಷ.

ನಿಮ್ಮ ಬೇರು ಬೇರೆ. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆಶ್ರಯ ಪಡೆದಿದ್ದ ಇಂಗ್ಲಿಷರ ಒಂದು ಚಿಕ್ಕ ಗುಂಪು, ಜಾನ್ ಸ್ಮಿತ್ ಎಂಬುವರ ಮುಂದಾಳುತನದಲ್ಲಿ, ನಂಬಿಕೆಯನ್ನು ತನ್ನ ಬಾಯಿಂದ ಹೇಳಬಲ್ಲವನಿಗೆ ಮಾತ್ರ ದೀಕ್ಷಾಸ್ನಾನ ಎಂಬ ನಿಲುವನ್ನು ಹಿಡಿಯಿತು. ಅವರಲ್ಲಿ ಒಬ್ಬರಾದ ಥಾಮಸ್ ಹೆಲ್ವಿಸ್ ಇಂಗ್ಲೆಂಡಿಗೆ ಹಿಂದಿರುಗಿ, ಮನಸ್ಸಾಕ್ಷಿಯ ಮೇಲೆ ಅರಸನಿಗೆ ಅಧಿಕಾರವಿಲ್ಲ ಎಂದು ಬರೆದು ಸೆರೆಮನೆ ಸೇರಿದರು. ಭಾರತಕ್ಕೆ ಈ ಪಂಥ 1793ರಲ್ಲಿ ವಿಲಿಯಂ ಕೇರಿಯವರೊಂದಿಗೆ ಬಂತು. ಊರಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು ಅವರು. ಬಂಗಾಳದ ಶ್ರೀರಾಮಪುರದಲ್ಲಿ ಕುಳಿತು 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣವನ್ನು ಅಚ್ಚು ಮಾಡಿಸಿದರು ಎಂಬುದು ನಮ್ಮ ಎಷ್ಟು ಜನ ಕನ್ನಡಿಗರಿಗೆ ಗೊತ್ತು? ಅದಕ್ಕೆ ಐದು ವರ್ಷ ಮುಂಚೆ, 1812ರ ಮಾರ್ಚ್ ತಿಂಗಳಲ್ಲಿ, ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಹಲವು ಭಾಷೆಗಳ ಹಸ್ತಪ್ರತಿಗಳ ಜೊತೆ ಕನ್ನಡ ಹೊಸ ಒಡಂಬಡಿಕೆಯ ಕೆಲಸವೂ ಸುಟ್ಟುಹೋಗಿತ್ತು. ಸುಟ್ಟ ಮೇಲೆ ಮತ್ತೆ ಕುಳಿತು ಬರೆದ ಆ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ, ಮೇಲಿನಿಂದ ಆಜ್ಞೆ ಕಳಿಸುವ ಕಚೇರಿ ಇಲ್ಲ. ನಂಬಿದ ನಾಲ್ಕು ಜನ ಪರಸ್ಪರ ಒಡಂಬಟ್ಟು ಕೂಡಿದರೆ ಅದೇ ಪೂರ್ಣ ಸಭೆ. ನಿಮ್ಮ ಸಿದ್ಧಾಂತವನ್ನೇ ಹಿಡಿದು ಹೇಳುವುದಾದರೆ ಸಭೆ ಹುಟ್ಟುವುದು ಕಲ್ಲಿನಿಂದಲ್ಲ, ಹೆಸರು ಬರೆಸಿದ ದಿನದಿಂದ. ಇದರ ಇನ್ನೊಂದು ಮುಖವೂ ಇದೆ. ಮೇಲಿನ ಕಚೇರಿ ಇಲ್ಲದ್ದರಿಂದ ನಿಮ್ಮ ದಫ್ತರಕ್ಕೆ ಬೇರೆಲ್ಲಿಯೂ ನಕಲು ಇರುವುದಿಲ್ಲ. ಆ ಗೆದ್ದಲು ಇನ್ನೊಂದು ಪುಟ ತಿಂದರೆ ಅಷ್ಟು ಜನ ಕಾಣದಾಗುತ್ತಾರೆ.

ಸಾತಹಳ್ಳಿ ಕಡೆಯವಳು

ನಾನು ಕಥೋಲಿಕಳು. ಆದರೂ ಮೇಷ್ಟ್ರು ಹೇಳಿದ ಕೊನೆಯ ಮಾತಿಗಾಗಿ ಬರೆಯುತ್ತಿದ್ದೇನೆ. ನಮ್ಮ ಪೂರ್ವಿಕರದು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರ ಕಾಲದ ನಂಬಿಕೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆಗೆ ಬಂದು, ಚದುರಿದ್ದ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ನಿಲ್ಲಿಸಿದರೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಹೆಸರು ದಾಖಲೆಗೆ ಏರುತ್ತದೆ, ಧರ್ಮಪ್ರಾಂತ್ಯದ ಕಚೇರಿ ಚಿಕ್ಕಮಗಳೂರಿನಲ್ಲಿದೆ, ಕೇಳಿದರೆ ಹುಡುಕಿಕೊಡುತ್ತಾರೆ. ನಿಮಗೆ ಆ ಆಸರೆ ಇಲ್ಲ ಎಂದು ಈಗ ತಿಳಿಯಿತು.

ಆದ್ದರಿಂದ ಮೊದಲು ದಫ್ತರವನ್ನು ಉಳಿಸಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಕುಟುಂಬದ ಹಳೆಯ ಪತ್ರವೊಂದನ್ನು ಹಾಗೆ ಮಾಡಿಸಿ, ಬಿಸಿಗೆ ಶಾಯಿ ಹರಡಿ, ಇಂದು ಒಂದು ಅಕ್ಷರವೂ ಕಾಣುವುದಿಲ್ಲ. ಹರಿದ ಕಡೆ ಸೆಲೋಟೇಪನ್ನೂ ಅಂಟಿಸಬೇಡಿ. ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ಬೆಳಗಿನ ಹೊತ್ತು ಕಿಟಕಿಯ ಬಳಿ, ನೇರ ಬಿಸಿಲು ಬೀಳದಂತೆ ಇಟ್ಟು, ಪ್ರತಿ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಮೂರು ಜನರ ಬಳಿ ಇರಿಸಿ. ಆಮೇಲೆ ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದ ಕಡೆ ಇಡಿ. ಮಲೆನಾಡಿನ ಅಂಚಿನ ನಮ್ಮ ಊರುಗಳಲ್ಲಿ ಬೆಂಕಿಗಿಂತ ಆಷಾಢದ ತೇವಕ್ಕೇ ಹೆಚ್ಚು ಕಾಗದಗಳು ಬಲಿಯಾಗಿವೆ.

ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ನೋಡಲು ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ. ಮಳೆಗಾಲದಲ್ಲಿ ಗೊರೂರು ಹಿನ್ನೀರಿನಲ್ಲಿ ಅರ್ಧ ಮುಳುಗಿದ ಕಮಾನುಗಳ ಚಿತ್ರ ತೆಗೆದು ಹೋಗುತ್ತಾರೆ. ಅಲ್ಲಿ ಮದುವೆಯಾದವರು, ಅಲ್ಲಿಂದ ಮಣ್ಣಿಗೆ ಹೋದವರು ಯಾರು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕಟ್ಟಡ ನಿಂತೇ ಇದೆ, ಊರು ಎದ್ದುಹೋಗಿದೆ. ಚರಿತ್ರೆ ಬರೆಯುವಾಗ ನೀವು ಜನರನ್ನು ಮುಂದಿಡಿ.

ಹಿಂದಿನ ಬೆಂಚು

ಕಾರ್ಯದರ್ಶಿಯವರು ಹೇಳಿದ ಹಿರಿಯರಲ್ಲಿ ನಾನೂ ಒಬ್ಬ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು. ನನಗೆ ನೋವಾಗಿದೆ, ಅದನ್ನು ಇಲ್ಲಿಯೇ ಹೇಳುತ್ತೇನೆ.

ಕಲ್ಲು ಬರಿಯ ಕಲ್ಲು ಎಂಬಂತೆ ಮಾತನಾಡಬೇಡಿ. ನಿವೇಶನ ಕೊಂಡ ಮೇಲೆ ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ. ಪ್ರತಿ ಮನೆಯವರೂ ವಾರದಲ್ಲಿ ಒಂದು ದಿನದ ಕೂಲಿಯನ್ನು ಕಾಣಿಕೆಯಾಗಿ ಕೊಡುವುದೆಂದು ಮಾತಾಯಿತು. ದುಡ್ಡು ಕೊಡಲಾಗದವರು ಭಾನುವಾರ ಆರಾಧನೆ ಮುಗಿದ ಮೇಲೆ ಸಂಜೆಯವರೆಗೆ ಮಣ್ಣು ಹೊತ್ತರು. ನನ್ನ ಹೆಂಡತಿ ಆರು ತಿಂಗಳ ಬಸುರಿ, ಬೇಡವೆಂದರೂ ಕೇಳದೆ ನೀರು ತಂದು ಗಾರೆ ಕಲಸಿದಳು. ಅದಕ್ಕೆ ಮುಂಚೆ ಬಾಡಿಗೆಗೆ ಸಿಕ್ಕಿದ ಮನೆಗಳಲ್ಲಿ ಕೂಡುತ್ತಿದ್ದೆವು. ಹಾಡಿನ ಸದ್ದು ಹೆಚ್ಚಾಯಿತೆಂದು ಎರಡು ಸಲ ಬಿಡಿಸಿದರು. ನಮ್ಮದು ಎಂದು ಒಂದು ಮಾಡಿನ ಕೆಳಗೆ ಕುಳಿತ ದಿನ ನಾವು ಹಾಡಲಿಲ್ಲ, ಅತ್ತೆವು. ಆ ದಿನವನ್ನು ಹುಟ್ಟಿದ ದಿನ ಎಂದರೆ ತಪ್ಪೇನು?

ಹೇಮಾವತಿ ದಡ

ಅಣ್ಣ, ನಿಮ್ಮ ಮಾತಿಗೆ ನಾನು ಎದುರಾಡುವುದಿಲ್ಲ. ಅಕ್ಕ ಗಾರೆ ಕಲಸಿದ ಸಂಗತಿ ಇಷ್ಟು ದಿನ ನನಗೇ ಗೊತ್ತಿರಲಿಲ್ಲ. ಅದನ್ನು ನೀವು ಹೇಳಿದ ಹಾಗೆಯೇ ಬರೆದುಕೊಳ್ಳುತ್ತೇನೆ. ಆದರೆ ಬಾಡಿಗೆ ಮನೆಯ ಮುಂಚೆ ಏನಿತ್ತು ಎಂಬುದೇ ನನ್ನ ಪ್ರಶ್ನೆ. ಹನ್ನೊಂದು ಪುಟ ತುಂಬಾ ಜನರಿದ್ದಾರೆ, ಅವರಲ್ಲಿ ಒಬ್ಬರೂ ನಿಮ್ಮ ನೆನಪಿನಲ್ಲಿ ಇಲ್ಲ.

ಎಲ್ಲ ಪುಟಗಳ ಚಿತ್ರ ತೆಗೆದಿದ್ದೇನೆ. ಹೆಸರುಗಳ ಮೇಲೆ ಕಾಗದ ಮುಚ್ಚಿ ಮೊದಲ ಎರಡು ಪುಟಗಳನ್ನು ಇಲ್ಲಿ ಹಾಕಿದ್ದೇನೆ.

ಚಿಂತಾಮಣಿಯ ಮಗಳು

ತವರು ಚಿಂತಾಮಣಿ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸೊಸೆಯಾಗಿ ಬಂದದ್ದು ಹಾಸನಕ್ಕೆ. ನಿಮ್ಮ ಪುಟಗಳನ್ನು ಓದಿದೆ. ಕೈಬರಹ ಮುದ್ದಾಗಿದೆ, ಬರೆದವರು ಶಾಲೆ ಕಲಿತವರೇ.

ಮೊದಲನೆಯದಾಗಿ, ಅದು ಕೂಲಿಕಾರರ ಸಂಘವಲ್ಲ. ತೆಲುಗು ಕ್ರೈಸ್ತರು ಸಭೆಯನ್ನೇ "ಸಂಘಮು" ಎನ್ನುತ್ತಾರೆ. ನಿಮ್ಮ "ಸಭಾಪಾಲಕರು" ಅಲ್ಲಿ "ಸಂಘಕಾಪರಿ". ಸಂಘದ ಕಾವಲುಗಾರ ಎಂದರೆ ಹತ್ತಿರವಾದೀತು. ನೀವು "ದೀಕ್ಷಾಸ್ನಾನ" ಎನ್ನುವುದನ್ನು ಅವರು "ಬಾಪ್ತಿಸ್ಮಮು" ಎಂದು ಬರೆದಿದ್ದಾರೆ. ಇನ್ನೊಂದು ಕಾಲಮಿನ ತಲೆಯಲ್ಲಿ "ಮಾರುಮನಸ್ಸು" ಎಂದಿದೆ. ಮನಸ್ಸು ತಿರುಗಿದ್ದು, ನಿಮ್ಮ "ಮಾನಸಾಂತರ". ಎಷ್ಟು ಚೆಲುವಾದ ಮಾತು ನೋಡಿ. ಕನ್ನಡದವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ "ಉತ್ತರಮು". ಕನ್ನಡದಲ್ಲಿ ಉತ್ತರವೆಂದರೆ ದಿಕ್ಕು ಅಥವಾ ಜವಾಬು. ತೆಲುಗಿನಲ್ಲಿ ಪತ್ರಕ್ಕೂ ಅದೇ ಮಾತು. ನಮ್ಮಮ್ಮ ಈಗಲೂ ಪೋಸ್ಟಿನಲ್ಲಿ ಬರುವ ಕಾಗದವನ್ನು ಉತ್ತರ ಎಂದೇ ಕರೆಯುತ್ತಾರೆ. ಆ ಸಾಲುಗಳಲ್ಲಿ ಇರುವುದು "ಉತ್ತರಮುತೋ ಚೇರ್ಚುಕೊನಬಡಿನವಾರು", ಪತ್ರದೊಂದಿಗೆ ಸೇರಿಸಿಕೊಳ್ಳಲ್ಪಟ್ಟವರು. ಯಾರೂ ಉತ್ತರ ದಿಕ್ಕಿನಿಂದ ಬಂದವರಲ್ಲ. ಯಾವುದೋ ಸಭೆಯಿಂದ ಪತ್ರ ತಂದವರು. ಊರಿನ ಕಾಲಮಿನಲ್ಲಿ ಆಂಧ್ರದ ಒಂಗೋಲು, ಕನಿಗಿರಿ, ಪೊದಿಲಿ ಎಂದೆಲ್ಲ ಇದೆ. ಪತ್ರ ತರುವುದೆಂದರೆ ಏನು ಎಂದು ನಿಮ್ಮ ಪಂಥದವರೇ ಹೇಳಬೇಕು.

ಹೇಮಾವತಿ ದಡ

ಅಕ್ಕ, ನಿಮ್ಮ ಬರಹವನ್ನು ಮೂರು ಸಲ ಓದಿದೆ. ಐವತ್ತು ಜನ ಹಿರಿಯರು ಕೂತು ಊಹಿಸಿದ್ದರೂ ಇದು ಹೊಳೆಯುತ್ತಿರಲಿಲ್ಲ.

ಪತ್ರದ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಒಂದು ಊರಿನ ಸದಸ್ಯ ಇನ್ನೊಂದು ಊರಿಗೆ ಹೋಗಿ ನೆಲೆಸಿದರೆ, ಹಳೆಯ ಸಭೆಯವರು ಇವನು ಇಂಥ ದಿನ ದೀಕ್ಷಾಸ್ನಾನ ಹೊಂದಿದವನು, ನಡತೆ ಒಳ್ಳೆಯದು, ಪ್ರೀತಿಯಿಂದ ಸೇರಿಸಿಕೊಳ್ಳಿ ಎಂದು ಬರೆದು ಕೊಡುತ್ತಾರೆ. ಹೊಸ ಸಭೆ ಅದನ್ನು ಎಲ್ಲರ ಮುಂದೆ ಓದಿ ಕೈ ಎತ್ತಿಸಿ ಸೇರಿಸಿಕೊಳ್ಳುತ್ತದೆ. ಎರಡನೆಯ ಸಲ ನೀರಿಗಿಳಿಯುವುದಿಲ್ಲ. ಹಾಗಾದರೆ ನಮ್ಮ ಮೊದಲ ಸದಸ್ಯರು ಇಲ್ಲಿ ಮನಸ್ಸು ತಿರುಗಿದವರಲ್ಲ. ನಂಬಿಕೆಯನ್ನು ಗಂಟಿನಲ್ಲಿ ಕಟ್ಟಿಕೊಂಡೇ ಬಂದವರು. ಒಂಗೋಲಿನವರು ಹಾಸನಕ್ಕೆ ಯಾಕೆ ಬಂದರು?

ಅರಸೀಕೆರೆ ಜಂಕ್ಷನ್

ಇದಕ್ಕೆ ನಾನು ಹೇಳಬಲ್ಲೆ. ಹಾಸನ–ಮಂಗಳೂರು ರೈಲು ಮಾರ್ಗ. ಸಕಲೇಶಪುರ ದಾಟಿ ದೋಣಿಗಲ್, ಎಡಕುಮೇರಿ, ಸುಬ್ರಹ್ಮಣ್ಯ ರಸ್ತೆಯವರೆಗೆ ಘಟ್ಟವನ್ನು ಕೊರೆದು 57 ಸುರಂಗಗಳನ್ನು ಮಾಡಿ, 1979ರಲ್ಲಿ ಮಾರ್ಗ ತೆರೆಯಿತು. ನಮ್ಮ ತಂದೆ ಆ ಕಾಮಗಾರಿಯಲ್ಲಿ ಸಾಮಾನು ಲೆಕ್ಕ ನೋಡುತ್ತಿದ್ದರು. ಅವರ ಕ್ಯಾಂಪಿನಲ್ಲಿ ಕಲ್ಲು ಒಡೆಯುವ, ಬಂಡೆಗೆ ಕುಳಿ ಹೊಡೆಯುವ ಗುಂಪುಗಳಲ್ಲಿ ತೆಲುಗರೇ ಹೆಚ್ಚು, ಆಮೇಲೆ ತಮಿಳರು. ಜಿಗಣೆ, ಜಡಿಮಳೆ, ಮಲೇರಿಯಾ. ನಾನು ಆಗ ಎಂಟು ಒಂಬತ್ತು ವರ್ಷದ ಹುಡುಗ, ಬೇಸಿಗೆ ರಜೆಯಲ್ಲಿ ಅಲ್ಲಿ ಇದ್ದೆ.

ತಗಡಿನ ಒಂದು ಉದ್ದನೆಯ ಶೆಡ್ಡಿನಲ್ಲಿ ಭಾನುವಾರ ಸಂಜೆ ಅವರ ಪ್ರಾರ್ಥನೆ. ಒಂದು ಪೆಟ್ರೋಮ್ಯಾಕ್ಸ್, ಒಂದು ಕಂಜೀರ. ಪಾದ್ರಿ ಎಂದು ಯಾರೂ ಇರಲಿಲ್ಲ. ಗ್ಯಾಂಗಿನ ಮೇಸ್ತ್ರಿಯೇ ಪುಸ್ತಕ ಓದಿ ಮಾತನಾಡುತ್ತಿದ್ದ. ಬಂಡೆ ಸಿಡಿದು ಸತ್ತವರನ್ನು ಅವರೇ ಹಾಡು ಹೇಳಿ ಮಣ್ಣು ಮಾಡುತ್ತಿದ್ದರು. ನಮ್ಮ ತಂದೆ ಬೇರೆ ಧರ್ಮದವರಾದರೂ ಅಂಥ ದಿನ ಟೋಪಿ ತೆಗೆದು ನಿಲ್ಲುತ್ತಿದ್ದರು. ನಿಮ್ಮ ಪುಟಗಳಲ್ಲಿ ಹೆಸರಿನ ಮುಂದೆ ಏನಾದರೂ ಗುರುತು ಇದೆಯೇ ಎಂದು ನೋಡಿ.

ಚಿಂತಾಮಣಿಯ ಮಗಳು

ಇದೆ. ಏಳು ಹೆಸರುಗಳ ಎದುರು "ಪ್ರಭುವುನಂದು ನಿದ್ರಿಂಚೆನು" ಎಂದು ಬರೆದಿದ್ದಾರೆ. ಕರ್ತನಲ್ಲಿ ನಿದ್ರೆಹೋದನು ಎಂದರ್ಥ. ಅವುಗಳಲ್ಲಿ ಮೂರು ಸಾಲುಗಳಿಗೆ ಒಂದೇ ತಾರೀಖು.

ಬಿ.ಎಂ. ರಸ್ತೆ

ಎಲ್ಲವನ್ನೂ ಗೌರವದಿಂದ ಓದುತ್ತಿದ್ದೇನೆ. ನಾನು ಕ್ರೈಸ್ತನಲ್ಲ. ಮನಸ್ಸಿನಲ್ಲಿ ಇರುವುದನ್ನು ಮುಚ್ಚಿಡದೆ ಕೇಳುತ್ತೇನೆ: ಒಂಗೋಲಿನ ಆ ಬಡವರು ಕ್ರೈಸ್ತರಾದದ್ದು ಹೇಗೆ? ಬರಗಾಲದಲ್ಲಿ ಅಕ್ಕಿ ಕೊಟ್ಟು ಮತ ಬದಲಿಸಿದರೆಂದು ನಾನು ಕೇಳಿಕೊಂಡು ಬಂದಿದ್ದೇನೆ. ಚರಿತ್ರೆ ಬರೆಯುವವರು ಇದನ್ನು ದಾಟಿ ಹೋಗಬಾರದು.

ನಿವೃತ್ತ ಮೇಷ್ಟ್ರು

ಕೇಳಬೇಕಾದ ಪ್ರಶ್ನೆಯೇ. ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಅಮೆರಿಕದ ಬ್ಯಾಪ್ಟಿಸ್ಟರು ನೆಲ್ಲೂರಿನಲ್ಲಿ 1840ರಿಂದ ಇದ್ದರು. ಹತ್ತಾರು ವರ್ಷ ದುಡಿದರೂ ಸೇರಿದವರು ಬೆರಳೆಣಿಕೆ. ಮುಚ್ಚಿಬಿಡೋಣವೆಂದು ಅವರ ಮಂಡಳಿಯವರೇ ಮತ್ತೆ ಮತ್ತೆ ಚರ್ಚಿಸಿದ್ದರು. ದಿಕ್ಕು ಬದಲಾದದ್ದು 1860ರ ದಶಕದಲ್ಲಿ, ಮಾದಿಗ ಸಮುದಾಯದ ಚರ್ಮದ ವ್ಯಾಪಾರಿ ಯೆರ್ರಗುಂಟ್ಲ ಪೇರಯ್ಯ ಎಂಬುವರಿಂದ. ಅವರು ಮೊದಲೇ ಯೋಗಸಾಧನೆಯಲ್ಲಿ ತೊಡಗಿ ಗುರುವಿಗಾಗಿ ಅಲೆದವರು. ಕ್ರಿಸ್ತನ ವಿಷಯ ಕೇಳಿದ ಮೇಲೆ ಊರೂರು ತಿರುಗಿ ತಮ್ಮ ಜನರಿಗೆ ತಾವೇ ಹೇಳಿದರು. ಬೆಂಕಿ ಹೊತ್ತಿಸಿದ್ದು ಬಿಳಿಯರಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ಆಮೇಲೆ 1876ರಿಂದ 78ರ ಮಹಾಕ್ಷಾಮ. ನಮ್ಮ ಮೈಸೂರು ಸೀಮೆಯನ್ನೂ ಹಾಳುಗೆಡವಿದ ಅದೇ ಬರ. ಒಂಗೋಲಿನ ಮಿಷನರಿ ಜಾನ್ ಕ್ಲಾವ್ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಅಗೆಯುವ ಕೆಲಸ ಕೊಟ್ಟರು, ಕೂಲಿ ಕೊಟ್ಟರು. ಆ ಕಾಲದಲ್ಲಿ ದೀಕ್ಷಾಸ್ನಾನ ಕೇಳಿಕೊಂಡು ಬಂದವರನ್ನು ಅವರು ತಡೆದರು. ಅನ್ನಕ್ಕಾಗಿ ಬಂದರು ಎಂಬ ಮಾತು ಬರಬಾರದೆಂದು ಪರಿಹಾರದ ಕೆಲಸ ನಿಂತ ಮೇಲೆಯೇ ಬಾಗಿಲು ತೆರೆದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಹೊಂದಿದರು. ಹಸಿವು ಅವರ ಮನಸ್ಸಿನಲ್ಲಿ ಇರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಕಾಲುವೆಯಲ್ಲಿ ಮನುಷ್ಯರಂತೆ ನಡೆಸಿಕೊಂಡವರನ್ನು ಅವರು ಮರೆಯಲಿಲ್ಲ, ಅಷ್ಟೇ. ಅದು ಆಮಿಷವೇ, ಕೃತಜ್ಞತೆಯೇ, ಶತಮಾನಗಳ ಅವಮಾನದಿಂದ ಬಿಡುಗಡೆಯ ಹಂಬಲವೇ? ಒಂದೊಂದು ಹೆಸರಿನ ಹಿಂದೆ ಒಂದೊಂದು ಉತ್ತರ ಇದ್ದೀತು.

ಆದರೆ ಒಂದನ್ನು ಗಮನಿಸಿ. ಆ ಜನರ ಮೊಮ್ಮಕ್ಕಳು, ಮರಿಮಕ್ಕಳು ನೂರು ವರ್ಷ ಕಳೆದ ಮೇಲೆ ಘಟ್ಟದ ಸುರಂಗದಲ್ಲಿ ಕಲ್ಲು ಒಡೆಯುವಾಗ ಅವರಿಗೆ ಅಕ್ಕಿ ಕೊಡುವವರು ಯಾರೂ ಇರಲಿಲ್ಲ, ಮಿಷನರಿ ಇರಲಿಲ್ಲ, ಪಾದ್ರಿಯೂ ಇರಲಿಲ್ಲ. ಆದರೂ ತಗಡಿನ ಶೆಡ್ಡಿನಲ್ಲಿ ದಫ್ತರ ತೆರೆದರು.

ಬಿ.ಎಂ. ರಸ್ತೆ

ಮೇಷ್ಟ್ರೇ, ಧನ್ಯವಾದಗಳು. ನಾನು ಒಪ್ಪಿಕೊಂಡೆ ಎಂದಲ್ಲ, ಆದರೆ ನಾನು ಕೇಳಿಕೊಂಡು ಬಂದ ಕಥೆ ಇಷ್ಟು ಸರಳವಲ್ಲ ಎಂದು ತಿಳಿಯಿತು.

ವೃತ್ತಿಯಿಂದ ವಕೀಲ, ಆದ್ದರಿಂದ ಕಾರ್ಯದರ್ಶಿಯವರಿಗೆ ಒಂದು ಮಾತು. ದಫ್ತರದ ಹೆಸರುಗಳನ್ನು ಇದ್ದ ಹಾಗೆ ಸಂಚಿಕೆಯಲ್ಲಿ ಅಚ್ಚು ಹಾಕಬೇಡಿ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಆ ಸ್ಥಾನ ಸಲ್ಲುವುದಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ಕ್ರೈಸ್ತರು ಹೊರಗೇ ಉಳಿದರು. ಎಷ್ಟೋ ಕುಟುಂಬಗಳಲ್ಲಿ ಸಭೆಯ ಹೆಸರೊಂದು, ಪಡಿತರ ಚೀಟಿಯ ಹೆಸರೊಂದು. ಇಂದು ಆ ಮಕ್ಕಳು ಏನಾಗಿದ್ದಾರೋ, ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ನಿಮಗೆ ಗೊತ್ತಿಲ್ಲ. ಸತ್ತವರ ಹೆಸರನ್ನು ಗೌರವಿಸಲು ಹೋಗಿ ಬದುಕಿರುವವರನ್ನು ತೊಂದರೆಗೆ ಸಿಕ್ಕಿಸಬಾರದು. ಪ್ರತಿ ಮನೆಯವರನ್ನೂ ಕೇಳಿ, ಒಪ್ಪಿದವರದನ್ನು ಮಾತ್ರ ಹಾಕಿ.

ಹೇಮಾವತಿ ದಡ

ಇದು ನನಗೆ ಹೊಳೆದಿರಲಿಲ್ಲ. ಎಲ್ಲ ಹೆಸರುಗಳನ್ನೂ ಒಂದು ದೊಡ್ಡ ಪಟ್ಟಿಯಾಗಿ ಹಾಕಬೇಕೆಂದು ಆಸೆಯಿಂದ ಕೂತಿದ್ದೆ. ನಿಮ್ಮ ಮಾತನ್ನು ಒಪ್ಪುತ್ತೇನೆ. ಮನೆ ಮನೆಗೆ ಹೋಗಿ ಕೇಳುತ್ತೇವೆ. ಕೇಳಲು ಯಾರೂ ಸಿಗದ ಕಡೆ ಊರು ಮತ್ತು ಕೆಲಸವನ್ನಷ್ಟೇ ಬರೆಯುತ್ತೇವೆ: "ಪೊದಿಲಿಯಿಂದ ಪತ್ರ ತಂದ ಕಲ್ಲುಕುಟಿಗ" ಎಂಬ ಹಾಗೆ.

ಮೂಡಿಗೆರೆ ಲೈನ್ ಮನೆ

ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ. ನಾನು ಹುಟ್ಟಿದ್ದು ಎಸ್ಟೇಟಿನ ಕೂಲಿಕಾರರ ಲೈನ್ ಮನೆಯಲ್ಲಿ, ಈಗ ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಮ್ಮ ಅಜ್ಜಿ ಮದುವೆಯಾದ ಹೊಸತರಲ್ಲಿ ಸಕಲೇಶಪುರ ಕಡೆಯ ತೋಟದಲ್ಲಿದ್ದವರು. ತೆಲುಗರ ಕ್ಯಾಂಪಿಗೆ ಸೊಪ್ಪು ಮಾರಲು ಹೋಗುತ್ತಿದ್ದರಂತೆ. ಭಾಷೆ ಬಾರದು, ಆದರೆ ಅವರ ಹಾಡು ಕೇಳಲು ಶೆಡ್ಡಿನ ಹೊರಗೆ ನಿಲ್ಲುತ್ತಿದ್ದರು. ಮೊದಲ ಮಗು ತೀರಿಕೊಂಡಾಗ ಆ ಮೇಸ್ತ್ರಿಯ ಹೆಂಡತಿ ಬಂದು ಮೂರು ರಾತ್ರಿ ಲೈನ್ ಮನೆಯಲ್ಲಿ ಇವರ ಪಕ್ಕ ಮಲಗಿದ್ದಳಂತೆ. ಆ ಮೂರು ರಾತ್ರಿಗಳನ್ನು ಅಜ್ಜಿ ಇಂದಿಗೂ ಹೇಳುತ್ತಾರೆ, ಬೇರೇನನ್ನೂ ಅಷ್ಟು ಹೇಳುವುದಿಲ್ಲ.

ಅಜ್ಜಿಯ ದೀಕ್ಷಾಸ್ನಾನ ಹೇಮಾವತಿಯಲ್ಲಿ ಆಯಿತು. ಕಾಫಿ ಕೊಯ್ಲು ಮುಗಿದಿತ್ತು, ಹೂ ಮಳೆ ಇನ್ನೂ ಬಿದ್ದಿರಲಿಲ್ಲ. ಮಳೆಗಾಲದಲ್ಲಿ ಆ ಹೊಳೆಗೆ ಇಳಿಯುವ ಹಾಗಿಲ್ಲ, ಕೊಯ್ಲಿನಲ್ಲಿ ಎಸ್ಟೇಟಿನವರು ರಜೆ ಕೊಡುವುದಿಲ್ಲ. ಸಿಗುವುದು ಆ ಕೆಲವು ವಾರಗಳು ಮಾತ್ರ. ಲಾರಿಯಲ್ಲಿ ಆಲೂರು ಕಡೆಗೆ ಕರೆದುಕೊಂಡು ಹೋದರಂತೆ, ಮೇಲಿನ ಕಡೆ ಬಂಡೆ, ಅಲ್ಲಿ ಮರಳು, ಸೊಂಟದುದ್ದ ನೀರು. ಹೆಂಗಸರಿಗೆ ಬಟ್ಟೆ ಬದಲಿಸಲು ನಾಲ್ಕು ಬಿದಿರು ನೆಟ್ಟು ಸೀರೆ ಸುತ್ತಿದ್ದರು. ನೀರಿನಲ್ಲಿ ಸೆರಗು ತೇಲಬಾರದೆಂದು ಮೇಸ್ತ್ರಿಯ ಹೆಂಡತಿ ಇವರ ಸೆರಗಿಗೆ ಪಿನ್ನು ಚುಚ್ಚಿ, ತುದಿಗೆ ಸಣ್ಣ ಕಲ್ಲು ಕಟ್ಟಿದಳಂತೆ. ಆ ಜಾಗ ಈಗ ಗೊರೂರು ಹಿನ್ನೀರಿನ ಕೆಳಗಿದೆ. ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಆ ಊರೇ ಎದ್ದುಹೋಯಿತು. ಸಾತಹಳ್ಳಿಯ ಅಕ್ಕ ಶೆಟ್ಟಿಹಳ್ಳಿಯ ಬಗ್ಗೆ ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದಾಗ, "ನಮ್ಮದೂ ಅದೇ ನೀರಿನಲ್ಲಿದೆ" ಎಂದರು.

ರೈಲು ಮಾರ್ಗ ಮುಗಿದ ಮೇಲೆ ತೆಲುಗರು ಹೊರಟರು. ಕೆಲವರು ಹಾಸನದಲ್ಲೇ ಉಳಿದರೆಂದು ಅಜ್ಜಿ ಹೇಳುತ್ತಾರೆ. ಇವರನ್ನು ಮೂಡಿಗೆರೆ ಕಡೆಯ ತೋಟಕ್ಕೆ ಕಳಿಸಿದ್ದರಿಂದ ಆ ನಂಟು ಕಡಿದುಹೋಯಿತು. ಅಜ್ಜಿಯ ಹೆಸರನ್ನು ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ದಫ್ತರದಲ್ಲಿ ಇದೆಯೇ ನೋಡುತ್ತೀರಾ?

ಹಿಂದಿನ ಬೆಂಚು

ಆ ಹಾಸನದಲ್ಲಿ ಉಳಿದವರ ಮನೆಯೇ ನಮ್ಮ ಮೊದಲ ಬಾಡಿಗೆ ಮನೆ. ನಾನು ಸೇರುವ ಹೊತ್ತಿಗೆ ಅವರಲ್ಲಿ ಒಬ್ಬ ಮುದುಕರು ಮಾತ್ರ ಇದ್ದರು, ಪ್ರಾರ್ಥನೆ ಮಾಡುವಾಗ ಮಾತ್ರ ತೆಲುಗಿಗೆ ತಿರುಗುತ್ತಿದ್ದರು. ನಮಗೆ ಅರ್ಥವಾಗದೆ ಎಷ್ಟೋ ಸಲ ಬೇಸರಪಟ್ಟಿದ್ದೇವೆ. ಈಗ ನೆನೆದರೆ ಸಂಕಟವಾಗುತ್ತದೆ. ಕಾರ್ಯದರ್ಶಿಯವರೇ, ದಫ್ತರದಿಂದಲೇ ಬರೆಯಿರಿ. ಕಲ್ಲಿನ ದಿನಕ್ಕೆ ಅದರ ಜಾಗದಲ್ಲಿ ಒಂದು ಅಧ್ಯಾಯ ಕೊಡಿ, ನನ್ನ ತಕರಾರಿಲ್ಲ.

ಹೇಮಾವತಿ ದಡ

ಅಣ್ಣ, ಖಂಡಿತ.

ಮೂಡಿಗೆರೆಯ ತಮ್ಮ, ನಿನ್ನ ಸಂದೇಶ ನೋಡಿದ ಕೂಡಲೇ ಸಭೆಗೆ ಹೋಗಿ ಬೀರು ತೆಗೆದೆ. ಹನ್ನೆರಡನೆಯ ಪುಟ, ಮೊದಲ ಸಾಲು. ನಮ್ಮ ದಫ್ತರದಲ್ಲಿ ಕನ್ನಡದಲ್ಲಿ ಬರೆದ ಮೊಟ್ಟಮೊದಲ ಹೆಸರು ನಿನ್ನ ಅಜ್ಜಿಯದು. ಬರೆದದ್ದು ಅದೇ ಮುದ್ದಾದ ತೆಲುಗು ಕೈ. ಅವರಿಗಾಗಿ ಕನ್ನಡ ಅಕ್ಷರ ಕಲಿತು ಬರೆದಂತಿದೆ, ತಲೆಕಟ್ಟುಗಳು ಇನ್ನೂ ತೆಲುಗಿನವೇ. ಊರು, ಗಂಡನ ಹೆಸರು, ತೋಟದ ಕೆಲಸ. ಎಡಗೈ ಹೆಬ್ಬೆಟ್ಟಿನ ಗುರುತು. "ಸಾಕ್ಷಿ", ಅಂದರೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಬಾಯಿಂದ ಹೇಳಿದ್ದು, ಎಂಬ ಕಾಲಮಿನಲ್ಲಿ ಬೇರೆಯವರಿಗೆಲ್ಲ ಎರಡೆರಡು ಸಾಲು ಬರೆದಿದ್ದಾರೆ. ನಿನ್ನ ಅಜ್ಜಿಗೆ ಹೀಗಿದೆ: "ಓದು ಬಾರದು. ಬೀಸುವ ಪದದ ಧಾಟಿಯಲ್ಲಿ ಹಾಡಿ ಹೇಳಿದಳು. ಎಲ್ಲರೂ ಒಪ್ಪಿದರು."

ಮೂಡಿಗೆರೆ ಲೈನ್ ಮನೆ

ಅಜ್ಜಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ ಪದವನ್ನು ಹಾಡಿದರು. ನಾಲ್ಕು ಸಾಲು ನೆನಪಿದೆ, ಮುಂದಿನದು ಮರೆತಿದೆ. ನಾನು ಇಷ್ಟು ವರ್ಷ ಅದನ್ನು ರಾಗಿ ಬೀಸುವ ಹಾಡು ಎಂದೇ ತಿಳಿದಿದ್ದೆ.

ಮುಂದಿನ ಭಾನುವಾರ ಅಜ್ಜಿಯನ್ನು ಕರೆದುಕೊಂಡು ಬರಬಹುದೇ? ಮಂಡಿ ನೋವು ಜಾಸ್ತಿ, ಮೆಟ್ಟಿಲು ಹತ್ತಲು ಆಗುವುದಿಲ್ಲ. ಹಿಂದಿನ ಕಡೆ ಬೇರೆ ಬಾಗಿಲು ಇದೆಯೇ?

ಹಿಂದಿನ ಬೆಂಚು

ಬೇರೆ ಬಾಗಿಲು ಇಲ್ಲ, ಮೂರೇ ಮೆಟ್ಟಿಲು. ಒಂಬತ್ತೂವರೆಗೇ ನಾನು ಹೊರಗೆ ನಿಂತಿರುತ್ತೇನೆ. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತೇವೆ.